ಕಷ್ಟ ಬಂದರೆ ಯಾರ ಹತ್ತಿರ ಹೋಗುತ್ತೀರಿ?

ನನ್ನ ಮೆಣಸಿನಕಾಯಿಗೆ,

ನಿಮ್ಮಪ್ಪ ಫೋನು ಮಾಡಿದ್ದ. ಸಮೀಕ್ಷೆ ಕಂಪನಿಯಲ್ಲಿ ನಿನ್ನ ಕೆಲಸ ಕಾಯಂ ಆಗುತ್ತದಂತೆ, ಸೋಮವಾರ ಸಹಿ ಹಾಕುತ್ತೀಯಂತೆ. ಅಣ್ಣನ ದನಿಯಲ್ಲಿ ಅಷ್ಟು ಸಂತೋಷ ಕೇಳಿ ಎಷ್ಟೋ ಕಾಲವಾಗಿತ್ತು. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ನಿನಗೆ ಹೇಳುತ್ತೇನೆ, ಕಾಗದದಲ್ಲೇ. ಈಗ ನಮ್ಮ ಕಡೆ ಫೋನಿನಲ್ಲಿ ಯಾರೂ ಮನಬಿಚ್ಚಿ ಮಾತಾಡುವುದಿಲ್ಲ.

ರಾಜ್ಯಶಾಸ್ತ್ರ ಓದಿದವಳಿಗೆ ಯಾವ ಕೆಲಸ ಎಂದು ಮನೆಯವರೆಲ್ಲ ಮೂಗು ಮುರಿದರಲ್ಲ, ಆ ದಿನ ನಿನ್ನ ಸೋದರಮಾವ ಕಾಲ ಮೇಲೆ ಕಾಲು ಹಾಕಿಕೊಂಡು, "ಬಿಡ್ರಿ, ಮಂತ್ರಿಗಳಿಗೆ ಮೈಕು ಹಿಡಿಯೋಕೂ ಈಗ ಡಿಗ್ರಿ ಬೇಕಂತೆ" ಅಂದ. ನೀನು ಬಿಟ್ಟೆಯಾ? "ಮೈಕು ಆಫ್ ಮಾಡೋ ಕೋರ್ಸಿದ್ರೆ ಹೇಳಿ ಮಾವ, ನಿಮ್ಮಿಂದಲೇ ಶುರು ಮಾಡ್ತೀನಿ" ಅಂದೆ. ಮನೆಯೆಲ್ಲ ನಕ್ಕಿತು. ಆಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಇದ್ದಬದ್ದ ದಾರಿಗಳನ್ನೆಲ್ಲ ತೂಗಿ ನೋಡಿದೆವು. ಎಂ.ಎ. ಮಾಡಿ ಪಾಠ ಹೇಳುವುದು, ಪತ್ರಿಕೆ ಸೇರುವುದು, ಸರ್ಕಾರಿ ಪರೀಕ್ಷೆಗೆ ಓದಿ ಓದಿ ಕಣ್ಣು ಕಳೆದುಕೊಳ್ಳುವುದು. ಕಾನೂನು ಕಾಲೇಜಿನಲ್ಲಿ ಸೀಟೂ ಸಿಕ್ಕಿತ್ತು. ಅಷ್ಟರಲ್ಲಿ ಈ ಕಂಪನಿ ಕರೆಯಿತು. "ಜನರ ಮನಸ್ಸು ಅಳೆಯೋ ಕೆಲಸ ಅತ್ತೆ, ಓದಿದ್ದಕ್ಕೆ ಇಷ್ಟು ಹತ್ತಿರದ್ದು ಇನ್ನೊಂದಿಲ್ಲ" ಅಂದೆ. ಬಹಳ ಖುಷಿಯಲ್ಲಿದ್ದೆ.

ನೀನು ಕಂಪನಿಗೆ ಬರೆದುಕೊಟ್ಟ ಪ್ರಶ್ನಾವಳಿಯ ಕೊನೆಯ ಪ್ರಶ್ನೆ ಎಲ್ಲಿಂದ ಬಂತೆಂದು ನಿನಗೂ ಗೊತ್ತು. "ನಿಮ್ಮ ಬೀದಿಗೆ ಕಷ್ಟ ಬಂದರೆ ಯಾರ ಹತ್ತಿರ ಹೋಗುತ್ತೀರಿ?" ಅದು ಮನೆ ಉಳಿಸಿಕೊಳ್ಳಲು ಬೀದಿಗಳನ್ನು ಒಟ್ಟುಗೂಡಿಸುತ್ತಿದ್ದ ನಮ್ಮ ಚಳವಳಿಯ ಪ್ರಶ್ನೆ. ಹೊಸ ಬೀದಿಗೆ ಕಾಲಿಟ್ಟರೆ ನಾವು ಭಾಷಣ ಬಿಗಿಯುತ್ತಿರಲಿಲ್ಲ, ಕರಪತ್ರ ಹಂಚುತ್ತಿರಲಿಲ್ಲ. ಮೊದಲು ಮನೆ ಮನೆಗೆ ಹೋಗಿ ಇದೊಂದನ್ನು ಕೇಳುತ್ತಿದ್ದೆವು. ಹೆಚ್ಚು ಬಾಯಲ್ಲಿ ಯಾರ ಹೆಸರು ಬರುತ್ತದೋ ಅವರ ಜಗಲಿಯ ಮೇಲೆ ಹೋಗಿ ಕೂರುತ್ತಿದ್ದೆವು. ಅವರು ಯಾವ ವೇದಿಕೆಯನ್ನೂ ಹತ್ತಿದವರಲ್ಲ. ಸೂಲಗಿತ್ತಿಯೋ, ಸೈಕಲ್ಲು ರಿಪೇರಿಯವನೋ. ಬೀದಿ ನಿಂತಿರುವುದೇ ಅವರ ಮೇಲೆ. ನನ್ನ ಕಂಕುಳಲ್ಲಿ ಕೂತು ಬಂದು ನೀನು ಕಲಿತದ್ದು ಇದನ್ನೇ. ಆ ಪ್ರಶ್ನೆ ನೋಡಿ ಕಂಪನಿಯ ದೊಡ್ಡವರು ನಿನ್ನ ಬೆನ್ನು ತಟ್ಟಿದರು. ಯಾಕೆ ತಟ್ಟಿದರೆಂದು ಈಗ ಕೇಳು.

ಗಿರಣಿ ಹಿಂದಿನ ಬೀದಿಯನ್ನು ತೆರವು ಮಾಡಬೇಕೆಂದು ಸರ್ಕಾರದವರು ಎಷ್ಟು ವರ್ಷದಿಂದ ಹೊಂಚು ಹಾಕುತ್ತಿದ್ದರು. ಪ್ರತಿ ಸಲ ಬೀದಿ ಒಟ್ಟಾಗಿ ನಿಲ್ಲುತ್ತಿತ್ತು. ಸಮೀಕ್ಷೆ ಮಾಡುವ ನಿನ್ನ ಹುಡುಗಿಯರು ಅಲ್ಲಿಗೆ ಹೋದರು. ಜನ ಕುರ್ಚಿ ಹಾಕಿ, ನೀರು ಕೊಟ್ಟು, ಎಲ್ಲ ಹೇಳಿದರು. ಕೊನೆಯ ಪ್ರಶ್ನೆಗೆ, ಟೈಲರಮ್ಮ ಅಂದರು. ನಿವೃತ್ತ ಮೇಷ್ಟ್ರು ಅಂದರು. ಲಾರಿ ಓಡಿಸುವ ಗಡ್ಡದವನು ಅಂದರು. ತಿಂಗಳು ತುಂಬಲಿಲ್ಲ, ಮೂವರನ್ನೂ ಪೊಲೀಸರು ವಿಚಾರಣೆಗೆಂದು ಕರೆದೊಯ್ದರು. ಇನ್ನೂ ಬಿಟ್ಟಿಲ್ಲ. ಪೊಲೀಸರ ಬಾಯಲ್ಲಿ ಹಿಂದೆಂದೂ ಬಾರದ ಹೆಸರುಗಳು ಅವು. ಬುಲ್ಡೋಜರು ಬಂದ ದಿನ ಬೀದಿಯ ಜನ ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಿದರು. ಯಾರನ್ನು ಕೂಗಬೇಕೆಂದು ಒಬ್ಬರಿಗೂ ತೋಚಲಿಲ್ಲ. ಮಧ್ಯಾಹ್ನದೊಳಗೆ ಎಲ್ಲ ನೆಲಸಮ.

ಕಾಕತಾಳೀಯ ಅನ್ನುತ್ತೀಯಾ? ಅನ್ನು. ಆದರೆ ಟೈಲರಮ್ಮನ ಮಗಳ ಎದುರು ನಿಂತು ಅನ್ನು. "ನಾವೇ ಹೇಳಿದ್ವಲ್ಲ ಅಕ್ಕಾ, ನಮ್ಮಮ್ಮ ಎಷ್ಟು ಒಳ್ಳೆಯವಳು ಅಂತ ನಾವೇ ಹೇಳಿದ್ವಲ್ಲ" ಎಂದು ನನ್ನ ಕೈ ಹಿಡಿದು ಅತ್ತಳು. ಸಮೀಕ್ಷೆಗೆ ದುಡ್ಡು ಸುರಿದವರು ಯಾರು, ಉತ್ತರಗಳು ಯಾರ ಮೇಜಿಗೆ ಹೋಗುತ್ತವೆ ಎಂದು ನೀನು ಕೇಳಿದೆಯಾ? ಪ್ರಶ್ನೆ ಕೇಳುವುದನ್ನೇ ಓದಿದವಳು ನೀನು.

ನಿನ್ನೆ ನಿನ್ನ ಹುಡುಗಿಯರು ನಮ್ಮ ಬೀದಿಗೂ ಬಂದರು.

ಪಕ್ಕದ ಮನೆಯಾಕೆ ಹೆಮ್ಮೆಯಿಂದ ಓಡಿ ಬಂದಳು. "ನಿಮ್ಮ ಹೆಸರೇ ಕೊಟ್ಟಿದೀನಿ ಅಕ್ಕಾ, ಇನ್ಯಾರದು ಕೊಡ್ಲಿ! ಎದುರು ಮನೆಯೋರೂ ನಿಮ್ದೇ ಹೇಳಿದ್ರಂತೆ." ಹೇಗೆ ಬೈಯಲಿ? ಅದರ ಹಿಂದೆಯೇ ಸಮೀಕ್ಷೆಯ ಹುಡುಗಿಯೊಬ್ಬಳು ನನ್ನ ಮನೆಗೂ ಬಂದಳು. ಪಾಪ, ಬಿಸಿಲಿಗೆ ಬಾಡಿದ್ದಳು. ಒಂದೊಂದೇ ಕೇಳುತ್ತ ಕೊನೆಯದಕ್ಕೆ ಬಂದಳು. ನಾನು, "ನನ್ನ ಅಣ್ಣನ ಮಗಳ ಹತ್ತಿರ" ಎಂದು ನಿನ್ನ ಪೂರ್ತಿ ಹೆಸರು ಹೇಳಿದೆ. ಅವಳು ತಲೆಯೆತ್ತಿ, "ಅಯ್ಯೋ, ನಮ್ಮ ಮೇಡಮ್ಮಾ?" ಎಂದು ನಕ್ಕು, ಕೈಯಲ್ಲಿದ್ದ ಫೋನಿನಲ್ಲಿ ಹೆಸರು ಒತ್ತಿಬಿಟ್ಟಳು.

ಸಿಟ್ಟಿನಿಂದ ಹೇಳಿದೆ ಅಂದುಕೊಳ್ಳಬೇಡ. ಸುಳ್ಳು ಹೇಳಲು ಬರಲಿಲ್ಲ, ಅಷ್ಟೇ. ನನಗೆ ಇನ್ಯಾರಿದ್ದಾರೆ? ಇವತ್ತು ಬೆಳಗ್ಗೆಯಿಂದ ನಂಬರಿಲ್ಲದ ಜೀಪೊಂದು ಬೀದಿಯ ತುದಿಯಲ್ಲಿ ನಿಂತಿದೆ. ಒಳಗಿರುವವರು ಕೆಳಗಿಳಿಯುವುದಿಲ್ಲ, ಹೋಗುವುದೂ ಇಲ್ಲ. ಟೈಲರಮ್ಮನ ಕೇಸು ಹಿಡಿದಿರುವ ವಕೀಲರಿಗೆ ವಯಸ್ಸಾಗಿದೆ, ಕೈ ನಡುಗುತ್ತದೆ, ಜೊತೆಗೆ ನಿಲ್ಲಲು ಒಬ್ಬ ಕಿರಿಯರೂ ಇಲ್ಲ. ಕಾನೂನು ಕಾಲೇಜಿನ ಬಾಗಿಲು ಇನ್ನೂ ಮುಚ್ಚಿಲ್ಲವೆಂದು ಅವರೇ ವಿಚಾರಿಸಿ ಹೇಳಿದರು.

ಸಹಿ ನಿನ್ನದು. ನಾನು ಕೈ ಹಿಡಿದು ತಡೆಯುವುದಿಲ್ಲ. ಆದರೆ ಸೋಮವಾರ ನೀನು ಆ ಮೇಜಿಗೆ ಹೋಗುವಾಗ ನಮ್ಮ ಬೀದಿಯ ಉತ್ತರಗಳೂ ಅಲ್ಲಿರುತ್ತವೆ. ನನ್ನ ಹೆಸರಿನ ಕೆಳಗೆ ನಿನ್ನದು. ಅದನ್ನು ಓದಿಯೇ ಪೆನ್ನು ತೆಗೆ.

ಕಷ್ಟದಲ್ಲಿರುವವರು ಜೀವನವಿಡೀ ನಿನ್ನನ್ನೇ ಹುಡುಕಿಕೊಂಡು ಬರಲಿ. ಬಂದಾಗ ನೀನು ಸಿಗುವಂತಾಗಲಿ.

ಮನೆಯಲ್ಲೇ ಇರುವ,
ನಿನ್ನ ಅತ್ತೆ