ಮಂಗಟ್ಟೆ ಹಕ್ಕಿಯ ಬದಲಿ ಜಾಗ

ಡೊಂಬಿವಲಿ ಪೂರ್ವ,
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಮೊಮ್ಮಗಳು ಚೈತನ್ಯಾಳಿಗೆ ಅಜ್ಜಿಯ ಆಶೀರ್ವಾದ.

ಅರುಣಾಚಲದಲ್ಲಿ ಚಳಿ ಇಳಿಯಿತೇ? ಕೆಮ್ಮು ಹೇಗಿದೆ? ನಾನು ಕಳಿಸಿದ ಕಷಾಯದ ಪುಡಿಯ ಡಬ್ಬಿಯನ್ನು ನೀನು ತೆರೆದೂ ನೋಡಿರಲಿಕ್ಕಿಲ್ಲ, ನನಗೆ ಗೊತ್ತು. ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ನನ್ನ ಮಂಡಿನೋವಿನ ಬಗ್ಗೆ ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದನ್ನೆಲ್ಲ ನಂಬಬೇಡ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಈಗಲೂ ಬೆಳಿಗ್ಗೆ ಕೂರುವವಳು ನಾನೇ.

ಕಾಗದ ಏಕೆ ಎಂದು ನಗಬೇಡ. ಫೋನಿನಲ್ಲಿ ನೀನು ಅಳುತ್ತಿದ್ದೆ, ನಿನ್ನ ಅಪ್ಪ ದೇವದಾಸ ನಡುವೆ ಬಾಯಿ ಹಾಕುತ್ತಿದ್ದ. ನಾನು ಹೇಳಬೇಕಾದದ್ದು ನನ್ನಲ್ಲೇ ಉಳಿಯಿತು. ಉತ್ತರವನ್ನು ಕನ್ನಡದಲ್ಲೇ ಬರೆ. ಅಕ್ಷರ ಕಲಿಸಿದವಳು ನಾನು. ಹಿಂದಿಯಲ್ಲಿ ಬರೆದರೆ ಓದದೆ ಮಡಚಿ ಇಡುತ್ತೇನೆ.

ನೀನು ಹೇಳಿದ್ದು ನನಗೆ ಅರ್ಥವಾದದ್ದು ಹೀಗೆ. ಅಣೆಕಟ್ಟಿನ ನೀರು ನಿಲ್ಲುವ ಕಣಿವೆಯಲ್ಲಿ ಹಳೆಯ ದೊಡ್ಡ ಮರಗಳಿವೆ. ಅವುಗಳ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಮೊಟ್ಟೆ ಇಡುತ್ತದೆ. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿಯನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ, ಗಂಡು ಸಣ್ಣ ಸೀಳಿನಿಂದ ಹಣ್ಣು ಉಣಿಸುತ್ತದೆ. (ಈ ಸಂಗತಿಯನ್ನು ನಾನು ಹೋಟೆಲಿನಲ್ಲಿ ಎಲ್ಲರಿಗೂ ಹೇಳಿದ್ದೇನೆ, ಗಂಡಸರಿಗೆ ಸ್ವಲ್ಪ ಒತ್ತಿ ಹೇಳಿದ್ದೇನೆ.) ಮುಳುಗುವ ಕಾಡಿಗೆ ಬದಲಾಗಿ ಕಂಪನಿಯವರು ಬೆಟ್ಟದ ಆಚೆ ಅಷ್ಟೇ ವಿಸ್ತಾರದ ಜಾಗದಲ್ಲಿ ಸೊಂಟದೆತ್ತರದ ಸಸಿ ನೆಟ್ಟು ಬೇಲಿ ಹಾಕಿದ್ದಾರೆ. ಅವುಗಳಲ್ಲಿ ಪೊಟರೆ ಮೂಡುವಾಗ ನಿನಗೂ ಮೊಮ್ಮಕ್ಕಳಾಗಿರುತ್ತಾರೆ. ಹಕ್ಕಿಗಳನ್ನು ನೋಡಿಕೊಳ್ಳಲೆಂದು ನಿನ್ನನ್ನು ಇಟ್ಟುಕೊಂಡ ಕಂಪನಿಯ ಸಾಹೇಬರೇ, ವಿಸ್ತಾರ ಸಮ ಇದೆಯಲ್ಲ, ಒಪ್ಪಿಗೆ ಕೊಟ್ಟುಬಿಡು ಎನ್ನುತ್ತಾರೆ. ಮುಂದಿನ ತಿಂಗಳು, ಹೆಣ್ಣು ಹಕ್ಕಿಗಳು ಒಳಗೆ ಕೂರುವ ಹೊತ್ತಿಗೇ, ಮರ ಕಡಿಯುವುದಂತೆ. ಅದಕ್ಕೆ ನೀನು, ‘ಅಜ್ಜಿ, ನನ್ನಿಂದ ಆಗುದಿಲ್ಲ, ಬಿಟ್ಟು ಬರ್ತೇನೆ’ ಎಂದೆ.

ಕರೆಂಟೇ ಬೇಡ ಎನ್ನುವವಳು ನಾನಲ್ಲ. ನಮ್ಮ ಗ್ರೈಂಡರ್ ತಿರುಗುವುದೂ ಅದರಿಂದಲೇ. ಆದರೆ ಬದಲಿ ಜಾಗ ಎಂದರೇನು ಎಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ನೀನು ಹುಟ್ಟುವ ಮೊದಲು ನಮ್ಮ ಹೋಟೆಲ್ ಸ್ಟೇಷನ್ ಮೆಟ್ಟಿಲ ಬುಡದಲ್ಲೇ ಇತ್ತು. ರಸ್ತೆ ಅಗಲ ಮಾಡಲು ಅದು ಹೋಗಬೇಕಾಯಿತು. ಬದಲಿಗೆ ಹಿಂದಿನ ಗಲ್ಲಿಯ ಕಟ್ಟಡದಲ್ಲಿ ಎರಡನೆಯ ಮಾಳಿಗೆ ತೋರಿಸಿದರು. ಟೇಪು ಹಿಡಿದು ಬಂದವನು ‘ವಹಿನೀ, ಜಾಗಾ ತರ್ ಸೇಮ್ ಆಹೇ ನಾ!’ ಎಂದು ಹಲ್ಲು ಕಿರಿದ. ‘ಜಾಗಾ ಸೇಮ್ ಆಹೇ, ಪಣ್ ರಸ್ತಾ ಕುಠೇ ಆಹೇ?’ ಜಾಗ ಸಮ ಸರಿ, ದಾರಿ ಎಲ್ಲಿದೆ ಎಂದು ಅವನ ಮರಾಠಿಯಲ್ಲೇ ಕೇಳಿದೆ. ಚದರಡಿ ಸಮ ಇತ್ತು, ಸುಳ್ಳಲ್ಲ. ಆದರೆ ಗಿರಾಕಿ ನಡೆಯುವ ದಾರಿ ಅಲ್ಲಿರಲಿಲ್ಲ. ಲೋಕಲ್ ಹಿಡಿಯಲು ಓಡುವವನು ಒಂದು ಪ್ಲೇಟ್ ಇಡ್ಲಿಗೆ ಎರಡು ಮಾಳಿಗೆ ಹತ್ತುತ್ತಾನೆಯೇ? ನಿನ್ನ ಅಜ್ಜ ಸಾಧು ಮನುಷ್ಯ. ‘ಸಾಕು ಮಾರಾಯ್ತಿ, ಕೊಟ್ಟದ್ದು ತಗೊಳ್ವ’ ಎಂದರು. ನಾನು ಶಟರಿನ ಎದುರು ಕುರ್ಚಿ ಹಾಕಿ ಕೂತೆ. ಕೊನೆಗೆ ಅದೇ ಫುಟ್‌ಪಾತಿನ ತಿರುವಿನಲ್ಲಿ, ಅಳತೆಯಲ್ಲಿ ಚಿಕ್ಕದಾದ ಈಗಿನ ಅಂಗಡಿ ಸಿಕ್ಕಿತು.

ಸಿಕ್ಕಿದ ಮೇಲೂ ಹಳೆಯದನ್ನು ಕೂಡಲೇ ಬಿಡಲಿಲ್ಲ. ಹೊಸ ಅಡುಗೆಮನೆಯಲ್ಲಿ ಹಿಟ್ಟು ಉಬ್ಬಲೇ ಇಲ್ಲ. ಅಡುಗೆಯ ಕಿಟ್ಟಣ್ಣ ಮೊದಲ ಇಡ್ಲಿಯನ್ನು ಕೈಯಲ್ಲಿ ತೂಗಿ, ‘ಅಮ್ಮಾ, ಇದನ್ನು ಕೊಟ್ಟರೆ ಗಿರಾಕಿ ನಮಗೇ ತಿರುಗಿ ಬಿಸಾಡ್ತಾನೆ’ ಎಂದ. ಹಳೆಯ ಪಾತ್ರೆಯ ಹುಳಿಹಿಟ್ಟು ಒಯ್ದು ಬೆರೆಸಿದೆವು. ಅದು ಹದಕ್ಕೆ ಬರುವ ತನಕ ಹಳೆಯ ಒಲೆಯಲ್ಲೇ ಬೇಯಿಸಿ ಹೊಸ ಅಂಗಡಿಗೆ ಹೊತ್ತೆವು. ಗಿರಾಕಿಗಳು ಯಾರೂ ಕರೆಯದೆ ಹೊಸ ಬಾಗಿಲಿಗೆ ತಿರುಗತೊಡಗಿದ ಮೇಲೆಯೇ ಹಳೆಯ ಶಟರ್ ಎಳೆದದ್ದು.

ನೀನು ಬಿಟ್ಟು ಬಂದರೆ ನಿನ್ನ ಕುರ್ಚಿಯಲ್ಲಿ ವಿಸ್ತಾರ ಸಮ ಇದೆ ಎನ್ನುವವನನ್ನು ಕೂರಿಸುತ್ತಾರೆ. ಹಕ್ಕಿಯ ಪರವಾಗಿ ಕೇಳುವ ಬಾಯಿ ಅಲ್ಲಿ ನಿನ್ನದೊಂದೇ. ಆದ್ದರಿಂದ ಸಾಹೇಬರ ಎದುರು ಹೋಗಿ ಕೂರು. ತಾಯಿ ಹಕ್ಕಿ ಮರಿಯೊಡನೆ ಹೊರಗೆ ಬರುವ ತನಕ ಆ ಮರಗಳಿಗೆ ಕೊಡಲಿ ತಾಗಕೂಡದು ಎನ್ನು. ಹೊಳೆಯ ಕೆಳಗಡೆ ಹಳೆಯ ಮರಗಳ ಕಾಡು ಇನ್ನೂ ಇದೆ, ಅವು ಹಣ್ಣಿಗೆ ಅಲ್ಲಿಗೇ ಹೋಗುತ್ತವೆ ಎಂದು ನೀನೇ ಹೇಳಿದ್ದಿ. ಆ ಕಾಡನ್ನು ಕಾಯಲು ಕಂಪನಿ ಜನ ಇಡಲಿ, ನೀನು ಹೇಳುವ ಮರದ ಗೂಡುಪೆಟ್ಟಿಗೆಗಳನ್ನು ಅಲ್ಲಿ ಕಟ್ಟಲಿ. ಹಕ್ಕಿ ತಾನಾಗಿ ಅಲ್ಲಿ ಒಳಹೊಕ್ಕ ಮೇಲೆ ಕಣಿವೆಯ ಮರ ಕಡಿಯುವ ಮಾತು. ಸಸಿಗಳೂ ಬೆಳೆಯಲಿ, ಬೇಡ ಎಂದವರು ಯಾರು? ಇದನ್ನು ಅಳುತ್ತಾ ಹೇಳಬೇಡ. ನಮ್ಮ ಮನೆಯ ಹೆಂಗಸರು ಜಾಗದ ವಿಷಯದಲ್ಲಿ ಅತ್ತದ್ದಿಲ್ಲ.

‘ಹಕ್ಕಿಗೋಸ್ಕರ ಯಾರಾದ್ರೂ ಕಂಪನಿ ಹತ್ರ ಜಗಳ ಆಡ್ತಾರಾ ಅಮ್ಮಾ?’ ಎಂದು ನಿನ್ನ ಅಪ್ಪ ಕೇಳಿದ. ‘ಎರಡು ಮಾಳಿಗೆ ಹತ್ತಿ ಇಡ್ಲಿ ತಿನ್ನಲು ನೀನಾದ್ರೆ ಹೋಗ್ತಿದ್ದೆಯಾ?’ ಎಂದೆ. ನಿನ್ನ ಅಮ್ಮ ಜಯಲತಾ ನಿನಗಾಗಿ ಒಣಸೀಗಡಿ ಚಟ್ನಿಯ ಪೊಟ್ಟಣ ಕಟ್ಟುತ್ತಿದ್ದಾಳೆ. ಕಿಟ್ಟಣ್ಣ ನಿನ್ನನ್ನು ಕೇಳಿದ. ತಲೆಗೆ ಎಣ್ಣೆ ಹಚ್ಚಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ಮನೆದೇವರು ನಿನ್ನ ಬೆನ್ನಿಗಿರಲಿ.

ಇತಿ ನಿನ್ನ ಅಜ್ಜಿ,
ಸುಂದರಿ

ತಾ.ಕ.: ತುರ್ಭೆಯ ಆಫೀಸಿನಲ್ಲಿ ಅಪ್ಪ ನಿನಗೆ ಕೆಲಸ ಹೇಳಿಟ್ಟಿದ್ದನಲ್ಲ, ನಮ್ಮ ಹುಡುಗಿ ಬರುವುದಿಲ್ಲ ಎಂದು ನಿನ್ನೆ ನಾನೇ ಫೋನ್ ಮಾಡಿದೆ. ನಿನ್ನ ಕೋಣೆಯನ್ನು ನನ್ನ ತಂಗಿಯ ಮೊಮ್ಮಗಳು ನಿಶಾಳಿಗೆ ಕೊಟ್ಟಿದ್ದೇನೆ. ಠಾಣೆಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಾಳೆ. ಹಾಗಾಗಿ ಓಡಿ ಬಂದವಳಿಗೆ ಇಲ್ಲಿ ಜಾಗ ಇಲ್ಲ. ಕೇಳಬೇಕಾದದ್ದನ್ನು ಕೇಳಿ, ಗೆದ್ದು ಬಂದರೂ ಸರಿ, ಅವರೇ ಹೊರಗೆ ಹಾಕಿದ ಮೇಲೆ ಬಂದರೂ ಸರಿ, ಕೋಣೆ ಆ ದಿನವೇ ನಿನ್ನದು. ನಿಶಾಳಿಗೆ ಆಗ ಹೋಗಲು ನಮ್ಮ ಹೋಟೆಲಿಗೆ ಹಪ್ಪಳ ಕೊಡುವ ಸುಗುಣಾಳ ಮನೆಯಲ್ಲಿ ಈಗಲೇ ಹೇಳಿಟ್ಟಿದ್ದೇನೆ. ಅಲ್ಲಿಂದ ಸ್ಟೇಷನ್ನಿಗೆ ದಾರಿ ಹೇಗಿದೆ ಎಂದು ನಿನ್ನೆ ಸಂಜೆ ನಾನೇ ನಡೆದು ನೋಡಿ ಬಂದೆ. ಮಂಡಿ ನೋಯುತ್ತಿರುವುದು ಅದಕ್ಕೇ.