ಕುರ್ಚಿ ರೆಕಾರ್ಡ್ ಮಾರಾಟಕ್ಕಿಲ್ಲ

ನಿಪ್ಪಾಣಿ
೧೬ ಜುಲೈ ೨೦೨೫, ಬುಧವಾರ

ಸಿಟ್ಟು ಮಾಡಿಕೊಂಡು ಪಾಲಬಾವಿಯಲ್ಲಿ ಕೂತಿರುವ ಉಜ್ವಲಾಳಿಗೆ, ಅದಕ್ಕಿಂತ ಹೆಚ್ಚು ಸಿಟ್ಟಿನಲ್ಲಿರುವ ಗೆಳತಿ ಸುಗಂಧಾಳ ನೆನಪುಗಳು.

ಸೋಮವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ನಿನ್ನೆ ನಿನ್ನ ಯಜಮಾನರ ನಂಬರಿಗೇ ಮಾಡಿದೆ. “ಆಕಿ ದ್ರಾಕ್ಷಿ ತೋಟದಾಗ ಅದಾಳ್ರಿ ಅಕ್ಕಾರ” ಅಂದರು ದುಂಡೇಶಣ್ಣ. ಈ ಜಿಟಿಜಿಟಿ ಮಳೆಯಲ್ಲಿ ತೋಟದಲ್ಲಿ ನಿನಗೇನು ಕೆಲಸ? ಪಾಪ, ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಹಿಂದಿನಿಂದ ನೀನು ಹೇಳಿಕೊಟ್ಟದ್ದು ನನಗೆ ಕೇಳಿಸಿತು. ಇರಲಿ. ನಾನು ಅಂಚೆ ಕಚೇರಿಯಲ್ಲಿ ಊರವರ ಪತ್ರಗಳಿಗೆ ಮುದ್ರೆ ಒತ್ತಿ ನಿವೃತ್ತಳಾದವಳು. ಫೋನನ್ನು ನೀನು ಕಟ್ ಮಾಡಬಹುದು, ಪತ್ರವನ್ನು ಹೇಗೆ ಕಟ್ ಮಾಡುತ್ತೀ ನೋಡುತ್ತೇನೆ.

ನಿನ್ನ ಮೆಸೇಜ್ ಓದಿದೆ. “ಕುರ್ಚಿ ರೆಕಾರ್ಡ್ ಅಷ್ಟ ಅಲ್ಲ, ಎಲ್ಲಾ ರೆಕಾರ್ಡೂ ಆ ಪುಣೆದ ಜ್ಞಾನದೇವ ಅವರಿಗೆ ಕೊಟ್ಟಬಿಡು. ಇಷ್ಟ ವರ್ಷ ತಿಳೀಲಾರದ ಅತ್ತೇವಿ, ಸಾಕು.” ಇದಕ್ಕೆ ನನ್ನ ಉತ್ತರ ಒಂದೇ. ಕೊಡುವುದಿಲ್ಲ. ಇಬ್ಬರೂ ಸೇರಿ ಕೂಡಿಸಿದ್ದು, ಅರ್ಧ ನನ್ನದು. ನಿನ್ನ ಅರ್ಧವನ್ನೂ ಕೊಡುವುದಿಲ್ಲ.

ಆ ಕುರ್ಚಿ ರೆಕಾರ್ಡ್ ನಮ್ಮ ಕೈಗೆ ಹೇಗೆ ಬಂತು ಮರೆತೆಯಾ? ಇಲ್ಲಿಯ ತಂಬಾಕು ವ್ಯಾಪಾರಿಯ ಬಂಗಲೆ ಖಾಲಿ ಮಾಡಿದಾಗ, ಅವರ ಮಗ ಜರ್ಮನಿಯಲ್ಲಿ ಓದುವಾಗ ತಂದಿದ್ದ ರೆಕಾರ್ಡುಗಳೆಲ್ಲ ರದ್ದಿ ಅಂಗಡಿಗೆ ಬಿದ್ದಿದ್ದವು. ಕಪ್ಪು ರಟ್ಟಿನ ಮೇಲೆ ಮೂರೇ ಕಾಲಿನ ಕುರ್ಚಿಯ ಚಿತ್ರ ನೋಡಿ ನೀನು ನಗುತ್ತಾ ಎತ್ತಿಕೊಂಡೆ. ಮನೆಗೆ ತಂದು ಹಚ್ಚಿದರೆ ತಾಳವಿಲ್ಲ, ಹಾಡಿಲ್ಲ. ಸ್ಯಾಕ್ಸೊಫೋನು ಗೋಳಿಡುತ್ತಿತ್ತು, ಡ್ರಮ್ಮು ತನ್ನ ಪಾಡಿಗೆ ತಾನು ಹೊರಟಿತ್ತು. ನಾನು ಮಷೀನು ಕೆಟ್ಟಿದೆ ಎಂದು ಬಂದ್ ಮಾಡಿದೆ. “ತಡಿ ಬೇ, ಮತ್ತ ಹಚ್ಚು, ಯಾರೋ ಏನೋ ಹೇಳಾಕತ್ತಾರ” ಅಂದವಳು ನೀನು. ಅದಕ್ಕೆ ಫ್ರೀ ಜಾಝ್ ಎಂಬ ಹೆಸರಿದೆ ಎಂಬುದು ನಮಗೆ ತಿಳಿದದ್ದು ಆಮೇಲೆ. ಮೊದಲೇ ಬರೆದಿಟ್ಟ ರಾಗವಿಲ್ಲದೆ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾ ಆ ಕ್ಷಣಕ್ಕೆ ಹುಟ್ಟಿದ್ದನ್ನು ನುಡಿಸುವವರ ಸಂಗೀತ. ಆಮೇಲೆ ಕೊಲ್ಲಾಪುರ, ಮಿರಜ, ಸಾಂಗ್ಲಿಯ ಹಳೆ ಸಾಮಾನಿನ ಅಂಗಡಿಗಳನ್ನು ನಾವು ಬಿಟ್ಟಿಲ್ಲ.

ನಮ್ಮನ್ನು ನೋಡಿ ಯಾರು ನಗಲಿಲ್ಲ ಹೇಳು. ಪಕ್ಕದ ಮನೆಯ ತಾರವ್ವ ಇವತ್ತಿಗೂ “ಅಕ್ಕಾರ, ನಿಮ್ಮ ಮಾಳಿಗಿ ಮ್ಯಾಲ ಯಾರರೆ ಕಪಾಟ ಒಡ್ಯಾಕತ್ತಾರೇನ್ರಿ?” ಎಂದು ಕೇಳುತ್ತಾಳೆ. ನಾವು ಆಕೆಗೆ ಹೂಂ ಎಂದು ಹೇಳಿ ಮತ್ತೆ ಜಗಳಕ್ಕೆ ಕೂರುತ್ತಿದ್ದೆವು. ನೀನು ಸ್ಯಾಕ್ಸೊಫೋನಿನ ಪಕ್ಷ, ನಾನು ಡ್ರಮ್ಮಿನ ಪಕ್ಷ. ಪ್ರತಿ ಎರಡನೇ ಭಾನುವಾರ ರಾಯಬಾಗ, ಚಿಕ್ಕೋಡಿ ದಾಟಿ ನೀನು ಬಸ್ಸಿನಲ್ಲಿ ಬರುತ್ತಿದ್ದದ್ದು ಆ ಜಗಳಕ್ಕಾಗಿಯೇ. ನಿನ್ನ ಅತ್ತೆ ಮೊದಲ ಸಲ “ಆಕಿ ಮನ್ಯಾಗ ಚಾ ಕುಡದ್ಯಾ?” ಎಂದು ಮುಖ ಗಂಟಿಕ್ಕಿ ಕೇಳಿದಾಗ, ನಮ್ಮ ಓಣಿ ಯಾವುದೆಂದು ಗೊತ್ತಿದ್ದೇ ಕೇಳಿದಾಗ, “ಎರಡ ಕಪ್ ಕುಡದೆ ಅತ್ತಿ” ಅಂದವಳು ನೀನು. ಅಂಥವಳು ಮೊನ್ನೆ ಭಾನುವಾರ ಕಪ್ಪಿನಲ್ಲಿ ಚಹಾ ಬಿಟ್ಟು ಎದ್ದು ಹೋದೆ. ಅದೂ ಯಾವನೋ ಒಬ್ಬ ನಕ್ಕನೆಂದು. ನನಗೆ ನೋವಾಗಿದೆ, ಉಜ್ವಲಾ.

ಜ್ಞಾನದೇವ ಅವರು ಹೇಳಿದ್ದು ಸರಿ ಎಂಬುದನ್ನು ಒಪ್ಪುತ್ತೇನೆ. ದೊಡ್ಡ ತಟ್ಟೆಯಷ್ಟು ಅಗಲದ ರೆಕಾರ್ಡುಗಳೆಲ್ಲ ನಿಮಿಷಕ್ಕೆ ಮೂವತ್ತಮೂರು ಸುತ್ತಿನ ವೇಗದಲ್ಲಿ ತಿರುಗುತ್ತವೆ ಎಂದು ನಾವು ನಂಬಿದ್ದೆವು. ಈ ಒಂದು ಮಾತ್ರ ನಲವತ್ತೈದರದು. ನಡುವಿನ ಚೀಟಿಯ ಮೇಲೆ ಬರೆದೂ ಇತ್ತು. ಕಂಪನಿಯ ಯಾವುದೋ ನಂಬರು ಅಂದುಕೊಂಡಿದ್ದೆವು. ಪುಣೆಯಿಂದ ಇದನ್ನು ನೋಡಲೆಂದೇ ಬಂದ ಆ ಮನುಷ್ಯ “ಅಹೋ ತಾಈ, ಹೀ ಪಂಚೇಚಾಳೀಸಚೀ ಆಹೆ!” ಅಕ್ಕಾ, ಇದು ನಲವತ್ತೈದರದು, ಎಂದು ಮರಾಠಿಯಲ್ಲಿ ಹೇಳಿ ತೊಡೆ ತಟ್ಟಿ ನಕ್ಕು, ವೇಗದ ಗುಂಡಿ ತಿರುಗಿಸಿದರು. ನಮ್ಮ ಗೋಳು ಹೋಗಿ ಎಳೆಗರು ಜಿಗಿದಂಥ ಸದ್ದು ಶುರುವಾಯಿತು. ನಿನ್ನ ಮುಖ ನೋಡಿದೆ. ಯಾರೋ ನಿನ್ನ ಸೆರಗು ಎಳೆದಂತೆ ಬಿಳಚಿಕೊಂಡಿದ್ದೆ. ಅವರು ಅದನ್ನು ನೋಡಲೇ ಇಲ್ಲ.

ನಿನಗೆ ಯಾಕೆ ಹಾಗಾಯಿತು ನನಗೆ ಗೊತ್ತು. ನಿನ್ನ ಅವ್ವ ಕಸ್ತೂರೆವ್ವ ಹೋದಾಗ ನೀನು ಬಂದವರಿಗೆ ಅಡಿಗೆ ಮಾಡಿದೆ, ಹಾಸಿಗೆ ಹಾಸಿದೆ, ಎಲ್ಲರನ್ನೂ ಬಸ್ಸಿಗೆ ಹತ್ತಿಸಿದೆ. ಒಂದು ಹನಿ ಕಣ್ಣೀರು ಬರಲಿಲ್ಲ. ಬೀಗರ ಹೆಣ್ಣುಮಕ್ಕಳು “ಕಲ್ಲಿನಂಥಾ ಮನಸ ಐತಿ” ಎಂದು ನಿನಗೆ ಕೇಳುವಂತೆ ಆಡಿಕೊಂಡರು. ಆಮೇಲೆ ನೀನು ನನ್ನ ಮನೆಗೆ ಬಂದು ಕುರ್ಚಿ ರೆಕಾರ್ಡ್ ಹಚ್ಚಿದೆ. ಆ ದಿನ ನೀನು ಅತ್ತ ಅಳುವನ್ನು ನಾನು ನೋಡಿದ್ದೇನೆ. ಈಗ ಅದು ತಪ್ಪು ವೇಗದ ಅಳು ಅನ್ನುತ್ತೀಯಾ? ನಿನ್ನ ಅವ್ವ ಯಾವ ವೇಗದಲ್ಲಿ ತೀರಿಹೋದಳು ಎಂದು ಪುಣೆಯವರನ್ನು ಕೇಳಿಕೊಂಡು ಬರೋಣವೇ?

ನಿನ್ನೆ ಅವರ ಫೋನ್ ಬಂದಿತ್ತು. ಭಾನುವಾರ ಕಾರು ತರುತ್ತಾರಂತೆ. ಎಲ್ಲವನ್ನೂ ಒಟ್ಟಿಗೆ ಒಯ್ಯುತ್ತಾರಂತೆ. “ಅಸಲಿ ಮಾಲ್ ಐತ್ರಿ ಇದು, ತಿಳದವರ ಕಡೆ ಇರಬೇಕ್ರಿ” ಅಂದರು, ಈ ಸಲ ನಮ್ಮ ಮಾತಿನಲ್ಲೇ. “ತಿಳದವರ ಕಡೇನ ಐತ್ರಿ, ಕಾರಿನ ಎಣ್ಣಿ ಉಳಸ್ರಿ” ಅಂದೆ. “ಉಜ್ವಲಾತಾಈ ಹೂಂ ಅಂದಾರಲ್ರಿ” ಅಂದರು. ನೀನು ಮನಸ್ಸು ಬದಲಿಸಿದ್ದೀ, ನನಗಿಂತ ಖಾರವಾಗಿ ಬೇಡ ಎಂದಿದ್ದೀ ಎಂದು ಹೇಳಿಬಿಟ್ಟೆ. ನಿನ್ನನ್ನು ಕೇಳದೆ ನಿನ್ನ ಬಾಯಿಂದ ಮಾತಾಡಿದ್ದೇನೆ. ಅದಕ್ಕೆ ಜಗಳ ಮಾಡಬೇಕೆಂದರೆ ಇಲ್ಲಿಗೆ ಬಂದು ಮಾಡು.

ನಾವು ತಪ್ಪಾಗಿ ಕೇಳಿದೆವು, ನಿಜ. ಆದರೆ ಕೇಳಿದವರು ನಾವು. ಜರ್ಮನಿಯ ಯಾವುದೋ ಕೋಣೆಯಲ್ಲಿ ನುಡಿಸಿದವರು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೇಳುವವರು ಮಾತ್ರ ಅಪ್ಪಣೆ ಚೀಟಿ ತರಬೇಕೆ? ನಾನು ತರುವುದಿಲ್ಲ. ತಾರವ್ವನಿಗೆ ಹೆದರದವಳು, ನಿನ್ನ ಅತ್ತೆಗೆ ಹೆದರದವಳು, ಪುಣೆಯ ಒಂದು ನಗುವಿಗೆ ಹೆದರುವುದಿಲ್ಲ. ಅವರು ಹೋದ ಮೇಲೆ ಆ ಗುಂಡಿಯನ್ನು ಮೂವತ್ತಮೂರಕ್ಕೆ ತಿರುಗಿಸಿಟ್ಟವಳು ಮತ್ತೆ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಈ ಮನೆಯಲ್ಲಿ ಕುರ್ಚಿ ರೆಕಾರ್ಡ್ ನಮ್ಮ ವೇಗದಲ್ಲಿಯೇ ತಿರುಗುತ್ತದೆ.

ಮಳೆಯಲ್ಲಿ ತೋಟಕ್ಕೆ ಹೋಗಬೇಡ. ಹೋಗುವುದಿಲ್ಲವೆಂದು ಗೊತ್ತಿದ್ದರೂ ಬರೆದಿದ್ದೇನೆ.

ಎಂದೂ ನಿನ್ನವಳೇ ಆದ, ಡ್ರಮ್ಮಿನ ಪಕ್ಷದ
ಸುಗಂಧಾ

ತಾ.ಕ.: ಗುಂಡಿ ಮುಟ್ಟಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಇವತ್ತು ಬೆಳಿಗ್ಗೆ ಬಾಗಿಲು ಹಾಕಿಕೊಂಡು, ನಲವತ್ತೈದಕ್ಕೆ ಇಟ್ಟು, ಆ ಬದಿಯನ್ನು ಕೊನೆಯವರೆಗೆ ಕೇಳಿದೆ. ಮೊನ್ನೆ ನೀನು ಅಷ್ಟು ಹೊತ್ತು ಕೂರಲಿಲ್ಲ. ಕೊನೆಗೆ ವಾದ್ಯಗಳೆಲ್ಲ ನಿಂತ ಮೇಲೆ ಕೋಣೆಯಲ್ಲಿ ಒಬ್ಬ ಗಂಡಸಿನ ದನಿ ಬರುತ್ತದಲ್ಲ, “ಅಂವ ಅಳಾಕತ್ತಾನ, ಸುಮ್ನಿರು” ಎಂದು ನೀನು ಪ್ರತಿ ಸಲ ನನ್ನ ಕೈ ಹಿಡಿಯುತ್ತಿದ್ದೆಯಲ್ಲ, ಅವನು ಅಳುತ್ತಿಲ್ಲ. ನಗುತ್ತಿದ್ದಾನೆ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ. ಆಮೇಲೆ ಉಳಿದವರೂ ನಗುತ್ತಾರೆ, ಅವರಲ್ಲಿ ಒಬ್ಬ ಹೆಣ್ಣುಮಗಳೂ ಇದ್ದಾಳೆ. ಮತ್ತೆ ಮೂವತ್ತಮೂರಕ್ಕೆ ತಿರುಗಿಸಿದೆ, ಅತ್ತ. ನಲವತ್ತೈದಕ್ಕೆ ತಿರುಗಿಸಿದೆ, ನಕ್ಕ. ಎರಡೂ ನಿಜವೇ ಅನಿಸುತ್ತದೆ. ನಾನೂ ನಕ್ಕೆ, ಆಮೇಲೆ ಪಕ್ಕದಲ್ಲಿ ನಿನ್ನ ಕೈ ಹುಡುಕಿದೆ. ಭಾನುವಾರ ಬಾ ಬೇ. ಇದನ್ನು ಒಬ್ಬಳೇ ಕೇಳಲು ನನ್ನಿಂದ ಆಗುವುದಿಲ್ಲ.