ನಮ್ಮ ತಾಂಡಾದ ಅಳುವಿಗೆ ಬಿದ್ದ ಬೀಗ

ಮಾನ್ಯ ವಯಸ್ಕರ ಶಿಕ್ಷಣಾಧಿಕಾರಿಗಳ ಸನ್ನಿಧಿಗೆ,

ಬದುಕಿದ್ದವರ ಪಾಠವನ್ನು ಸತ್ತವರ ಮನೆಯ ಗೋಳೆಂದು ತಿಳಿದು ತಾವು ನಮ್ಮ ತಾಂಡಾದ ಶಿಕ್ಷಣ ಕೇಂದ್ರಕ್ಕೆ ಬೀಗ ಹಾಕಿಸಿದ್ದೀರಿ. ಆ ಬೀಗವನ್ನು ತೆಗೆಸಬೇಕೆಂಬುದೇ ಈ ಪತ್ರದ ಸಾರಾಂಶ. ಮುಂದಿನದನ್ನು ಓದುವ ಪುರಸೊತ್ತು ತಮಗಿಲ್ಲದಿದ್ದರೆ ಜನರಾದರೂ ಓದಲಿ ಎಂದು ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ಆಳಂದ ತಹಸೀಲ ಕಚೇರಿಯ ಎದುರು ಅರ್ಜಿ ಬರೆಯುತ್ತಿದ್ದ ಬುರಾನುದ್ದೀನ ಸಾಹೇಬರ ಪಕ್ಕದಲ್ಲಿ ಕುಳಿತು, ಅವರ ಒಕ್ಕಣೆಯನ್ನು ನಕಲು ಮಾಡುತ್ತಲೇ ಅಕ್ಷರ ಕಲಿತವನು ನಾನು. ಜಗತ್ತಿನ ಯಾವ ದುಃಖವನ್ನಾದರೂ ‘ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂದು ಆರಂಭಿಸಬಹುದೆಂದು ಬಲ್ಲೆ. ಆದುದರಿಂದ ಸರಕಾರದ ಭಾಷೆ ನನಗೆ ಬಾರದೆಂಬ ಆಕ್ಷೇಪಣೆಗೆ ಎಡೆಯಿಲ್ಲ. ಸರಕಾರಕ್ಕೆ ನಮ್ಮ ಭಾಷೆ ಬಾರದು ಎಂಬುದೇ ತಕರಾರು.

ಮಾದನಹಿಪ್ಪರಗಾದ ಆಚೆಗಿರುವ ನಮ್ಮ ಲಂಬಾಣಿ ತಾಂಡಾ ಚಿಕ್ಕದು. ದೊಡ್ಡ ತಾಂಡಾಗಳಲ್ಲಿ ನಮ್ಮ ಮಾತಾದ ಗೋರಬೋಲಿ ಇಂದಿಗೂ ಅಂಗಳ ತುಂಬ ಇದೆ, ನಮ್ಮಲ್ಲಿ ಬತ್ತಿತು. ದೊಡ್ಡವರು ವರ್ಷದ ಬಹುಪಾಲು ಸೊಲ್ಲಾಪುರದ ಕಡೆ ಕಬ್ಬು ಕಡಿಯಲು ಹೋದರೆ, ಮಕ್ಕಳು ವಸತಿ ಶಾಲೆಗೆ ಹೋದರು. ಅಲ್ಲಿ ಅವರಿಗೆ ಊಟ, ಅಂಗಿ, ಕನ್ನಡ ಎಲ್ಲವೂ ಸಿಕ್ಕಿತು, ಕೃತಜ್ಞರಾಗಿದ್ದೇವೆ. ಗೋರಬೋಲಿ ಆಡಿದರೆ ಬೆತ್ತವೂ ಸಿಕ್ಕಿತು. ಹರೆಯಕ್ಕೆ ಬಂದು ಮರಳಿದಾಗ ‘ಯಾಡಿ’ ಎಂದು ತಾಯಿಯನ್ನು ಕರೆಯುವುದೊಂದು ಬಿಟ್ಟರೆ ಮಿಕ್ಕದ್ದೆಲ್ಲ ಅವರ ನಾಲಗೆಯಿಂದ ಹೋಗಿತ್ತು. ನನ್ನ ಹೆಂಡತಿ ತೀರಿದ ಮೇಲೆ, ನಾನು ಆಡಿದ ಮಾತಿಗೆ ಅದೇ ಮಾತಿನಲ್ಲಿ ಉತ್ತರ ಕೊಡಲು ಇಡೀ ವರ್ಷ ತಾಂಡಾದಲ್ಲಿ ಇರುತ್ತಿದ್ದವಳು ನನ್ನ ಅತ್ತಿಗೆ ಜಮಲಿಬಾಯಿ ಒಬ್ಬಳೇ.

ಆ ಮಾತನ್ನು ಮತ್ತೆ ಕಲಿಯುವ ಹಂಬಲ ಹುಟ್ಟಿದ್ದು ನಮ್ಮಲ್ಲಲ್ಲ, ಆ ಹರೆಯದವರಲ್ಲಿ. ನನ್ನ ಮೊಮ್ಮಗಳು ಸೋನಿಗೆ ದೊಡ್ಡ ತಾಂಡಾದ ಸಂಬಂಧ ಕೂಡಿಬಂತು. ನಮ್ಮ ಮದುವೆಯಲ್ಲಿ ವಧು ತವರಿನ ಒಬ್ಬೊಬ್ಬರ ಕೊರಳನ್ನೂ ತಬ್ಬಿ, ಅವರು ತನಗೇನಾಗಬೇಕೆಂಬುದನ್ನು ಹಾಡಿನಲ್ಲಿ ಹೇಳಿಕೊಂಡು ಅಳಬೇಕು. ಅದಕ್ಕೆ ಢಾವಲೋ ಎನ್ನುತ್ತೇವೆ.

“ಅಜ್ಜಾ, ಅಲ್ಲಿಂದ ಬಂದವ್ರ ಮುಂದ ನಾ ಕನ್ನಡದಾಗ ಅತ್ತರ ಮಂದಿ ನಗ್ತಾರ,” ಎಂದಳು ಸೋನಿ.

“ಮೊದಲ ಅಳೂದು ಕಲಿ ಬೇ. ಮಾತು ಅದರ ಹಿಂದ ಬರ್ತದ,” ಎಂದಳು ಜಮಲಿಬಾಯಿ.

ಅವಳ ಮಾತು ನಿಜ. ಢಾವಲೋದಲ್ಲಿ ಎಲ್ಲ ನೆಂಟಸ್ತಿಕೆಯೂ, ಒಲೆ, ಕೊಡ, ದನ, ಅಡವಿಯೂ ಬರುತ್ತವೆ. ಸಂಜೆ ಕೇಂದ್ರದಲ್ಲಿ ಕನ್ನಡ ಅಕ್ಷರವಾದ ಮೇಲೆ ಹುಡುಗಿಯರು ಅವಳ ಸುತ್ತ ಕೂಡತೊಡಗಿದರು. “ಆಯಿ, ಕಣ್ಣೀರ ಬರವಲ್ದು,” ಎಂದವಳಿಗೆ ಅವಳು, “ಇನ್ನ ನಿನ್ನ ಅತ್ತೀನ ನೋಡಿಲ್ಲ ತಗೋ,” ಎಂದರೆ ಅಳುವ ಪಾಠ ನಗೆಯಲ್ಲಿ ಮುಳುಗುತ್ತಿತ್ತು.

ಅಂಥದೊಂದು ಸಂಜೆ ತಮ್ಮ ಜೀಪು ತಪಾಸಣೆಗೆ ಬಂತು. ತಾಂಡಾದ ಅಂಚಿನಲ್ಲಿ ನಾನೇ ಎದುರುಗೊಳ್ಳಲು ಬರುತ್ತಿದ್ದೆ. “ಯಾರೋ ತೀರ್ಕೊಂಡಂಗದ ಸಾಹೇಬ್ರ, ಈಗ ಹೋಗೂದು ಬರೋಬ್ಬರಿ ಅಲ್ಲ,” ಎಂದು ಚಾಲಕ ಹೇಳಿದ್ದು ನನಗೆ ಕೇಳಿಸಿತು. ತಾವು ಕೈ ಜೋಡಿಸಿ ನಮಸ್ಕರಿಸಿ, ನಾನು ಕೂಗುವಷ್ಟರಲ್ಲಿ ತಿರುಗಿ ಹೊರಟಿರಿ. ಆ ಸೌಜನ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲದ ಹೆಣಕ್ಕೆ ಕೈ ಮುಗಿದವರು, ಇದ್ದ ತರಗತಿಯನ್ನು ‘ನಡೆಯುತ್ತಿಲ್ಲ’ ಎಂದು ಹೇಗೆ ತೀರ್ಮಾನಿಸಿದಿರಿ?

ವಿವರಿಸಲೆಂದು ಗುಲಬರ್ಗಾಕ್ಕೆ ಬಂದೆ. ತಾವು ಸಿಗಲಿಲ್ಲ. ತಮ್ಮ ಮೇಲ್ವಿಚಾರಕ ಶಾಂತಲಿಂಗಪ್ಪನವರು ಚಹಾ ಕುಡಿಸಿ ಕೇಳಿದರು: “ಯಜಮಾನ್ರ, ಹೆಣ್ಮಕ್ಕಳು ಅಳಲಾಕ ಸರಕಾರ ಲಾಟೀನು ಯಾಕ ಕೊಡಬೇಕ್ರಿ? ಅದಕ್ಕ ಲಿಪಿನೂ ಇಲ್ಲ.” ನಾನು ಎದ್ದು ಹೊರಬಂದೆ. ಲಿಪಿಯಿಲ್ಲದ ಭಾಷೆಯಲ್ಲಿ ಹಸಿವಾಗುವುದಿಲ್ಲವೇ? ಕಲಿಯಲು ತಾವಾಗಿಯೇ ಬಂದು ಕೂತ ಹರೆಯದವರನ್ನು ಎಬ್ಬಿಸಿ ಕಳಿಸುವುದಕ್ಕೂ ಶಿಕ್ಷಣ ಎಂದು ಹೆಸರೇ?

ಪುಷ್ಯ ಮಾಸದಲ್ಲಿ ಜಮಲಿಬಾಯಿ ನಿಜವಾಗಿಯೂ ತೀರಿಕೊಂಡಳು. ಅಂಗಳದಲ್ಲಿ ಅವಳ ಮುಂದೆ ಹುಡುಗಿಯರು ತಮಗೆ ಬಂದಷ್ಟು ಹಾಡಿ ಅತ್ತರು. ಅದು ಸಾವಿನ ಹಾಡಲ್ಲ, ಮದುವೆಯದು. ಅವರಿಗೆ ಬೇರೊಂದು ಗೊತ್ತಿರಲಿಲ್ಲ. ಕಲಿತದ್ದು ಮುಗಿದಾಗ ಎಲ್ಲರೂ ಒಟ್ಟಿಗೆ ಸುಮ್ಮನಾದರು. ಮುಂದಿನ ಸಾಲು ಗೊತ್ತಿದ್ದ ನಾನೂ ಬಾಯಿ ತೆರೆಯಲಿಲ್ಲ, ಏಕೆಂದರೆ ಗಂಡಸು ಢಾವಲೋ ಹಾಡುವ ಪದ್ಧತಿ ನಮ್ಮಲ್ಲಿಲ್ಲ.

ಮೊನ್ನೆ ಆಳಂದದ ಬಸ್ ನಿಲ್ದಾಣದಲ್ಲಿ ಬೇರೆ ತಾಂಡಾದ ಇಬ್ಬರು ಹೆಂಗಸರು ಗೋರಬೋಲಿಯಲ್ಲಿ ಜಗಳವಾಡುತ್ತಿದ್ದರು. ಅವರು ಅಫಜಲಪುರದ ಬಸ್ಸು ಹತ್ತಿದರು. ನನ್ನ ಊರಿನ ದಿಕ್ಕಲ್ಲದಿದ್ದರೂ ನಾನೂ ಹತ್ತಿ ಅವರ ಹಿಂದಿನ ಸೀಟಿನಲ್ಲಿ ಕೂತೆ. ನಡುದಾರಿಯಲ್ಲಿ ಅವರು ಇಳಿದುಹೋದರು. ನಾನೂ ಇಳಿದು, ರಸ್ತೆಯ ಎದುರು ಬದಿಗೆ ಬಂದು, ಮರಳುವ ಬಸ್ಸಿಗಾಗಿ ನಿಂತೆ.

ಮನೆಯಲ್ಲೇ ಕಲಿಸಬಹುದಲ್ಲ ಎಂದು ತಾವು ಕೇಳಬಹುದು. ಮದುವೆಗೆ ಮುಂಚೆ ಮನೆಯ ಮಾಡಿನ ಕೆಳಗೆ ಈ ಅಳು ಕೇಳಿಸಕೂಡದೆಂಬುದು ನಮ್ಮ ತಾಂಡಾದ ಕಟ್ಟಳೆ. ಅದಕ್ಕೇ ಆ ಕೋಣೆ ಬೇಕು. ಲಾಟೀನು ತಾವೇ ಇಟ್ಟುಕೊಳ್ಳಿ, ಎಣ್ಣೆಯೂ ಬೇಡ; ಬೀಗ ತೆಗೆಸಿ, ದಿನಕ್ಕೊಂದು ತಾಸು ಕೊಡಿ. ವೈಶಾಖದಲ್ಲಿ ಸೋನಿಯ ಮದುವೆ. ತಾಯಿಯನ್ನು ತಬ್ಬಿ ಅಳುವುದನ್ನು ಅವಳು ಕಲಿತಿದ್ದಾಳೆ, ತಂದೆಯದನ್ನೂ ಕಲಿತಿದ್ದಾಳೆ. ಅಜ್ಜನದು ಉಳಿದಿದೆ. ತಾಂಡಾದಲ್ಲಿ ಉಳಿದವರಲ್ಲಿ ಅದನ್ನು ಬಲ್ಲವನು ಈಗ ನಾನೊಬ್ಬನೇ. ಪದ್ಧತಿಯನ್ನು ಮೀರಿ, ನನ್ನ ಕೊರಳು ತಬ್ಬಿ ಅವಳು ಏನೆಂದು ಅಳಬೇಕೆಂಬುದನ್ನು ನಾನೇ ಅವಳಿಗೆ ಹಾಡಿ ಕಲಿಸಬೇಕಾಗಿದೆ.

ಇಂತಿ, ಊರವರ ಅಹವಾಲುಗಳನ್ನೆಲ್ಲ ಕನ್ನಡದಲ್ಲಿ ನಕಲು ಮಾಡಿ, ತನ್ನ ಮಾತಿಗೆ ಕಿವಿಯಿಲ್ಲದೆ ಉಳಿದಿರುವ,
ಹೀರು ತಾವರು ರಾಠೋಡ